ಟಸ್ಕೀಗೀ ವೈಮಾನಿಕರಿಗೊಂದು ಸ್ಮಾರಕ: ಮೊದಲು ಹೆಸರು, ಆಮೇಲೆ ಹಣ

ಅಮೆರಿಕದ ಯಾವುದೇ ಊರಿನಲ್ಲಿ ಟಸ್ಕೀಗೀ ವೈಮಾನಿಕರ, ಅಂದರೆ ಎರಡನೇ ಮಹಾಯುದ್ಧದ ಕಾಲದ ಅಮೆರಿಕ ಸೇನೆಯ ಮೊದಲ ಕಪ್ಪು ಪೈಲಟ್‌ಗಳು ಮತ್ತು ಅವರ ಜೊತೆ ದುಡಿದವರ, ನೆನಪಿಗೆ ಸ್ಮಾರಕ ಕಟ್ಟೋಣವೆಂದು ನಾಲ್ಕು ಜನ ಕೂತರೆ ಮೊದಲ ಸಭೆಯಲ್ಲೇ ಪ್ರತಿಮೆಯ ಎತ್ತರದ ಚರ್ಚೆ ಶುರುವಾಗುತ್ತದೆ. ಹಾಗೆ ಹೊರಟವರ ಕೈಯಲ್ಲಿ ಆರು ತಿಂಗಳಿಗೆ ಒಂದು ಚಂದದ ನಕ್ಷೆ ಇರುತ್ತದೆ, ಬ್ಯಾಂಕ್ ಖಾತೆಯಲ್ಲಿ ಏನೂ ಇರುವುದಿಲ್ಲ. ಮೊದಲು ಆಗಬೇಕಾದದ್ದು ಹೆಸರುಗಳ ಪಟ್ಟಿ. ನಿಮ್ಮ ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಯಾರು ಹೋದರು, ಯಾವ ತುಕಡಿಯಲ್ಲಿದ್ದರು, ಯಾರು ಹಿಂತಿರುಗಿದರು, ಯಾರು ತಿರುಗಿ ಬರಲಿಲ್ಲ. ಆ ಪಟ್ಟಿ ಕೈಗೆ ಬಂದರೆ ಯಾವ ಚರ್ಚಿಗೆ, ಯಾವ ಶಾಲೆಯ ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ, ಯಾವ ಬೀದಿಗೆ ಹೋಗಿ ದೇಣಿಗೆ ಕೇಳಬೇಕು ಎಂಬುದು ಅದರಲ್ಲೇ ಬರೆದಿರುತ್ತದೆ.

ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬುದು ಮೊದಲು ತಿಳಿದಿರಲಿ. 1941ರಲ್ಲಿ ಅಲಬಾಮಾದ ಟಸ್ಕೀಗೀಯಲ್ಲಿ ಕಪ್ಪು ಜನಾಂಗದ ಯುವಕರಿಗೆ ಸೇನಾ ವಿಮಾನ ತರಬೇತಿ ಆರಂಭವಾಯಿತು. 1942ರ ಮಾರ್ಚ್ 7ರಂದು ಮೊದಲ ತಂಡದ ಐವರು ಪೈಲಟ್‌ಗಳಾಗಿ ಹೊರಬಂದರು. ಅವರಲ್ಲಿ ಒಬ್ಬರು, ಮುಂದೆ ಟಸ್ಕೀಗೀ ತುಕಡಿಗಳ ದಂಡನಾಯಕರಾದ ಬೆಂಜಮಿನ್ ಒ. ಡೇವಿಸ್ ಜೂನಿಯರ್. 1946ರ ಹೊತ್ತಿಗೆ ಅಲ್ಲಿ ತರಬೇತಿ ಮುಗಿಸಿದ ಪೈಲಟ್‌ಗಳು 992. ಆದರೆ ಒಂದು ವಿಮಾನ ಮೇಲೇರಬೇಕಾದರೆ ಕೆಳಗೆ ಹತ್ತಾರು ಕೈಗಳು ದುಡಿಯಬೇಕು. ಮೆಕ್ಯಾನಿಕ್‌ಗಳು, ಮದ್ದುಗುಂಡು ತುಂಬುವವರು, ಪ್ಯಾರಾಚೂಟ್ ಮಡಿಸುವವರು, ಹವಾಮಾನ ನೋಡುವವರು, ದಾದಿಯರು ಎಲ್ಲ ಸೇರಿದರೆ ಹತ್ತು ಸಾವಿರಕ್ಕೂ ಮಿಕ್ಕ ಜನ. ಇವರೆಲ್ಲರೂ ಟಸ್ಕೀಗೀಯವರೇ. 477ನೇ ಬಾಂಬರ್ ಗ್ರೂಪ್‌ನವರು ಯುದ್ಧಭೂಮಿಗೆ ಹೋಗುವ ಮೊದಲೇ ಯುದ್ಧ ಮುಗಿಯಿತು, ಅವರೂ ಟಸ್ಕೀಗೀಯವರೇ. ಬರೀ ಪೈಲಟ್‌ಗಳ ಸ್ಮಾರಕ ಎಂದು ಘೋಷಿಸಿದರೆ ಸತ್ಯಕ್ಕೂ ಕುಂದು, ನಿಧಿಗೂ ಕುಂದು. ಒಂದು ಸಾಧಾರಣ ಊರಿನಲ್ಲಿ ಪೈಲಟ್ ಒಬ್ಬರೋ ಇಬ್ಬರೋ ಸಿಕ್ಕಾರು. ನೆಲದ ಮೇಲೆ ದುಡಿದವರನ್ನು ಸೇರಿಸಿದರೆ ಪಟ್ಟಿ ಹಲವು ಪಟ್ಟು ಬೆಳೆಯುತ್ತದೆ.

ಹೆಸರುಗಳನ್ನು ಖಚಿತ ಮಾಡುವುದು

ಇದಕ್ಕೆ ಕನಿಷ್ಠ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಸೇನಾ ದಾಖಲೆ ಕೋರುವ ಅರ್ಜಿ, ಸ್ಟ್ಯಾಂಡರ್ಡ್ ಫಾರ್ಮ್ 180, ತುಂಬಿ ಕಳುಹಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ 1973ರ ಜುಲೈ 12ರಂದು ಅಲ್ಲಿ ಹತ್ತಿದ ಬೆಂಕಿಯಲ್ಲಿ 1912ರಿಂದ 1960ರ ನಡುವೆ ಸೇವೆಯಿಂದ ಬಿಡುಗಡೆಯಾದ ಭೂಸೇನೆಯವರ ದಾಖಲೆಗಳಲ್ಲಿ ಸುಮಾರು ಶೇ 80 ಸುಟ್ಟುಹೋದವು. ಆಗ ವಾಯುಪಡೆ ಭೂಸೇನೆಯ ಅಂಗವೇ ಆಗಿದ್ದರಿಂದ ಟಸ್ಕೀಗೀಯವರ ಕಡತಗಳೂ ಆ ಗುಂಪಿಗೇ ಸೇರುತ್ತವೆ. ‘ದಾಖಲೆ ಇಲ್ಲ’ ಎಂಬ ಉತ್ತರ ಬಂದರೆ ಆ ಮನುಷ್ಯ ಅಲ್ಲಿ ಇರಲಿಲ್ಲ ಎಂದು ಅರ್ಥ ಮಾಡಬೇಡಿ.

ಅಂಥ ಹೆಸರಿಗೆ ಬೇರೆ ಬಾಗಿಲುಗಳಿವೆ. ಯುದ್ಧ ಮುಗಿಸಿ ಬಂದವರಲ್ಲಿ ಅನೇಕರು ತಮ್ಮ ಬಿಡುಗಡೆ ಪತ್ರವನ್ನು ಕೌಂಟಿ ಕೋರ್ಟ್‌ನಲ್ಲಿ ನೋಂದಾಯಿಸಿದ್ದರು. ಅಲ್ಲಿನ ಗುಮಾಸ್ತರನ್ನು ಕೇಳಿ. ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಪಡೆ ಐತಿಹಾಸಿಕ ಸಂಶೋಧನಾ ಸಂಸ್ಥೆಯಲ್ಲಿ ತುಕಡಿಗಳ ಇತಿಹಾಸದ ಕಡತಗಳಿವೆ. ‘ಪಿಟ್ಸ್‌ಬರ್ಗ್ ಕೊರಿಯರ್’, ‘ಶಿಕಾಗೊ ಡಿಫೆಂಡರ್’ನಂಥ ಕಪ್ಪು ಜನರ ಪತ್ರಿಕೆಗಳು ಊರಿನ ಹೆಸರಿನ ಸಮೇತ ಈ ಹುಡುಗರ ಸುದ್ದಿ ಹಾಕುತ್ತಿದ್ದವು. ಒಂದೊಂದು ಹೆಸರಿಗೂ ಎರಡು ಬೇರೆ ಬೇರೆ ಆಧಾರ ಇರಲಿ. ಅದಾದ ಮೇಲೆ ಕಾಗುಣಿತವನ್ನು ಮನೆಯವರಿಗೆ ತೋರಿಸಿ ಸಹಿ ಪಡೆಯಿರಿ. ಕಲ್ಲಿನ ಮೇಲೆ ಒಂದು ಅಕ್ಷರ ತಪ್ಪಿದರೆ ಇಡೀ ಫಲಕ ಮತ್ತೆ ಮಾಡಿಸಬೇಕಾಗುತ್ತದೆ, ಆ ಖರ್ಚನ್ನು ಯಾವ ದಾನಿಯೂ ಸಂತೋಷದಿಂದ ಕೊಡುವುದಿಲ್ಲ.

ಇಲ್ಲೊಂದು ನಿಯಮವನ್ನು ಠರಾವಿನಲ್ಲೇ ಬರೆದಿಡಿ: ವೈಮಾನಿಕರ ಹೆಸರು ಕೆತ್ತಲು ಅವರ ಮನೆಯವರಿಂದ ಒಂದು ಡಾಲರೂ ಕೇಳಕೂಡದು. ಕೇಳಿದರೆ ಕೊಡಲಾಗದವರ ಹೆಸರು ಬಿಟ್ಟುಹೋಗುತ್ತದೆ. ದೇಶಕ್ಕಾಗಿ ಹೋರಾಡಲು ಹೊರಟವರನ್ನು ಬಣ್ಣ ನೋಡಿ ಬೇರೆ ಬ್ಯಾರಕ್ಕಿನಲ್ಲಿ ಮಲಗಿಸಿದ ಕಾಲ ಅದು. ಅವರ ಸ್ಮಾರಕದಲ್ಲಿ ಇನ್ನೊಂದು ಬಾಗಿಲು ಮುಚ್ಚುವುದು ಬೇಡ.

ಜಾಗ

ವಾಷಿಂಗ್ಟನ್‌ನಲ್ಲೇ ಕಟ್ಟೋಣ ಎನ್ನುವವರು ಪ್ರತಿ ಸಮಿತಿಯಲ್ಲೂ ಒಬ್ಬರು ಇರುತ್ತಾರೆ. 1986ರ ಸ್ಮಾರಕ ಕಾಯ್ದೆಯ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರದ ನೆಲದಲ್ಲಿ ಸ್ಮಾರಕ ಕಟ್ಟಲು ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕಾನೂನೇ ಬೇಕು. ಸೇನಾ ಸ್ಮಾರಕವಾದರೆ ಒಂದು ಯುದ್ಧಕ್ಕೆ ಅಥವಾ ಸೇನೆಯ ಒಂದು ಇಡೀ ವಿಭಾಗಕ್ಕೆ ಮಾತ್ರ ಅವಕಾಶ, ಬಿಡಿ ತುಕಡಿಗಳಿಗೆ ಇಲ್ಲ. ಆ ಹಾದಿ ಬಿಡಿ. ನಗರಸಭೆಯ ಪಾರ್ಕು, ಕೌಂಟಿಯ ವಿಮಾನ ನಿಲ್ದಾಣ, ಗ್ರಂಥಾಲಯದ ಅಂಗಳ, ಸ್ಮಶಾನ ಇವೇ ಕೈಗೆಟುಕುವ ಜಾಗಗಳು.

ಆ ನೆಲಕ್ಕೂ ವೈಮಾನಿಕರಿಗೂ ನಂಟಿದ್ದರೆ ಹಣ ಬೇಗ ಬರುತ್ತದೆ. ದಕ್ಷಿಣ ಕ್ಯಾರೊಲೈನಾದ ವಾಲ್ಟರ್‌ಬರೊದಲ್ಲಿ ಅವರು ಯುದ್ಧಕ್ಕೆ ಮುನ್ನ ತರಬೇತಿ ಪಡೆದ ನಿಲ್ದಾಣದಲ್ಲೇ ಸ್ಮಾರಕವಿದೆ. ಮಿಷಿಗನ್ನಿನ ಪೋರ್ಟ್ ಹ್ಯೂರನ್‌ನಲ್ಲಿರುವ ಸ್ಮಾರಕದ ಹಿಂದೆ, 1944ರ ಏಪ್ರಿಲ್ 11ರಂದು ತರಬೇತಿ ಹಾರಾಟದಲ್ಲಿ ಪಿ-39 ವಿಮಾನದೊಂದಿಗೆ ಹ್ಯೂರನ್ ಸರೋವರಕ್ಕೆ ಬಿದ್ದು ತೀರಿಕೊಂಡ ಸೆಕೆಂಡ್ ಲೆಫ್ಟಿನೆಂಟ್ ಫ್ರ್ಯಾಂಕ್ ಮೂಡಿ ಅವರ ನೆನಪಿದೆ. ಇಂಡಿಯಾನಾದ ಫ್ರೀಮನ್ ಫೀಲ್ಡ್‌ನಲ್ಲಿ 1945ರ ಏಪ್ರಿಲ್‌ನಲ್ಲಿ, ಬಿಳಿಯರಿಗೆ ಬೇರೆ ಕ್ಲಬ್ ಎಂಬ ಆದೇಶವನ್ನು ಒಪ್ಪಿ ಸಹಿ ಹಾಕಲು ನಿರಾಕರಿಸಿದ 101 ಅಧಿಕಾರಿಗಳನ್ನು ಬಂಧಿಸಲಾಗಿತ್ತು. ನಿಮ್ಮ ಊರಿನ ನಂಟು ಇಷ್ಟು ದೊಡ್ಡದಿರಬೇಕಿಲ್ಲ. ಒಬ್ಬ ಮೆಕ್ಯಾನಿಕ್ ಓದಿದ ಹೈಸ್ಕೂಲೂ ಸಾಕು.

ನೆಲದ ಒಪ್ಪಂದ ಬರವಣಿಗೆಯಲ್ಲಿರಲಿ: ಎಷ್ಟು ವರ್ಷಕ್ಕೆ, ನೀರು-ದೀಪದ ಬಿಲ್ಲು ಯಾರದು, ಮುಂದೆ ರಸ್ತೆ ಅಗಲವಾದರೆ ಸ್ಮಾರಕವನ್ನು ಯಾರ ಖರ್ಚಿನಲ್ಲಿ ಸ್ಥಳಾಂತರಿಸಬೇಕು. ಮೇಯರ್ ಬಾಯಿಮಾತಲ್ಲಿ ಒಪ್ಪಿದ್ದು ಮುಂದಿನ ಚುನಾವಣೆಯವರೆಗೆ ಮಾತ್ರ. ವಿಮಾನ ನಿಲ್ದಾಣದ ಹತ್ತಿರ ಕಂಬದ ಮೇಲೆ ವಿಮಾನ ನಿಲ್ಲಿಸುವ ಆಲೋಚನೆ ಇದ್ದರೆ ವಿಮಾನಯಾನ ನಿಯಂತ್ರಿಸುವ ಕೇಂದ್ರ ಸಂಸ್ಥೆ ಎಫ್‌ಎಎಗೆ ನಿರ್ಮಾಣದ ಸೂಚನೆಯಾದ ಫಾರ್ಮ್ 7460-1 ಸಲ್ಲಿಸಬೇಕೇ ಎಂದು ನಿಲ್ದಾಣದ ವ್ಯವಸ್ಥಾಪಕರನ್ನು ಮೊದಲೇ ಕೇಳಿ. ಬೇಕೆಂದಾದರೆ ಅದು ಕಾಮಗಾರಿಗೆ ಕನಿಷ್ಠ 45 ದಿನ ಮುಂಚೆ ಎಫ್‌ಎಎ ಕೈಯಲ್ಲಿರಬೇಕು. ಕ್ರೇನಿಗೂ ಇದೇ ನಿಯಮ ಅನ್ವಯವಾಗಬಹುದು. ಕ್ರೇನ್ ಬಂದು ನಿಂತ ದಿನ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಈ ಮರೆವಿನಿಂದ.

ಹಣ ಯಾವ ಹೆಸರಿಗೆ ಬರಬೇಕು

ಯಾರದೋ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳಬೇಡಿ, ಒಂದು ವಾರಕ್ಕೂ ಬೇಡ. ಎರಡು ದಾರಿಗಳಿವೆ.

ಮೊದಲನೆಯದು ಸ್ವಂತ ಸಂಸ್ಥೆ. ರಾಜ್ಯದಲ್ಲಿ ಲಾಭರಹಿತ ನಿಗಮವಾಗಿ ನೋಂದಾಯಿಸಿ, ಕೇಂದ್ರ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಉಚಿತವಾಗಿ ಸಿಗುವ ಇಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆ ಪಡೆದು, ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವಂಥ 501(ಸಿ)(3) ಮಾನ್ಯತೆಗೆ ಅರ್ಜಿ ಹಾಕಬೇಕು. ಪೂರ್ಣ ಅರ್ಜಿ ಫಾರ್ಮ್ 1023ರ ಶುಲ್ಕ 600 ಡಾಲರ್. ಚಿಕ್ಕದಾದ 1023-ಇಝಡ್‌ಗೆ 275 ಡಾಲರ್, ಆದರೆ ಅದು ಮುಂದಿನ ಮೂರು ವರ್ಷಗಳಲ್ಲಿ ವರ್ಷಕ್ಕೆ 50,000 ಡಾಲರ್ ಮೀರದ ಆದಾಯ ನಿರೀಕ್ಷಿಸುವವರಿಗೆ ಮಾತ್ರ. ಮೂರು ಲಕ್ಷ ಡಾಲರಿನ ಸ್ಮಾರಕ ಕಟ್ಟಲು ಹೊರಟವರು ಚಿಕ್ಕ ಅರ್ಜಿ ಹಾಕುವುದು ದೊಡ್ಡ ತಪ್ಪು. ಸ್ಥಾಪನೆಯಾದ 27 ತಿಂಗಳೊಳಗೆ ಅರ್ಜಿ ಹೋದರೆ ಮಾನ್ಯತೆ ಹುಟ್ಟಿದ ದಿನದಿಂದಲೇ ಅನ್ವಯಿಸುತ್ತದೆ.

ಎರಡನೆಯದು, ಈಗಾಗಲೇ ಮಾನ್ಯತೆ ಇರುವ ಸಂಸ್ಥೆಯೊಂದರ ಆಶ್ರಯ. ಇದನ್ನು ಫಿಸ್ಕಲ್ ಸ್ಪಾನ್ಸರ್ ಎನ್ನುತ್ತಾರೆ. ಸ್ಥಳೀಯ ಸಮುದಾಯ ಪ್ರತಿಷ್ಠಾನ ಅಥವಾ ಇತಿಹಾಸ ಸಂಘ ನಿಮ್ಮ ಹಣವನ್ನು ಪ್ರತ್ಯೇಕ ಲೆಕ್ಕದಲ್ಲಿಟ್ಟು, ಸಾಮಾನ್ಯವಾಗಿ ಶೇ 5ರಿಂದ 10 ಹಿಡಿದುಕೊಳ್ಳುತ್ತದೆ. ಒಂದೇ ಸ್ಮಾರಕ ಕಟ್ಟಿ ಮುಗಿಸುವ ಗುಂಪಿಗೆ ಇದೇ ಒಳ್ಳೆಯದು. ಮೂರು ಲಕ್ಷಕ್ಕೆ ಹದಿನೈದರಿಂದ ಮೂವತ್ತು ಸಾವಿರ ಹೋಯಿತಲ್ಲ ಎಂದು ಹೊಟ್ಟೆ ಉರಿಯಬಹುದು. ಆದರೆ ವರ್ಷ ವರ್ಷದ ರಿಟರ್ನ್, ಲೆಕ್ಕಪತ್ರ, ನೋಂದಣಿ ಎಲ್ಲದರ ಹೊರೆ ಇಳಿಯುತ್ತದೆ. ಸ್ವಂತ ಸಂಸ್ಥೆ ಮಾಡಿಕೊಂಡವರು ಫಾರ್ಮ್ 990 ಸರಣಿಯ ರಿಟರ್ನ್ ಅನ್ನು ಸತತ ಮೂರು ವರ್ಷ ಸಲ್ಲಿಸದಿದ್ದರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ. ಖಜಾಂಚಿ ಬದಲಾದ ವರ್ಷ ಈ ಕೊಂಡಿ ತಪ್ಪುವುದು.

ಬೇರೆ ರಾಜ್ಯದವರಿಂದ ಹಣ ಕೇಳುವ ಮೊದಲು ಆ ರಾಜ್ಯದಲ್ಲಿ ದೇಣಿಗೆ ಸಂಗ್ರಹದ ನೋಂದಣಿ ಬೇಕೇ ಎಂದು ನೋಡಿ. ಹೆಚ್ಚಿನ ರಾಜ್ಯಗಳಲ್ಲಿ ಬೇಕು. ‘ಟಸ್ಕೀಗೀ ಏರ್‌ಮೆನ್’ ಎಂಬ ಹೆಸರನ್ನು ಸಂಸ್ಥೆಯ ಹೆಸರಿನೊಳಗೆ ಸೇರಿಸುವ ಮುನ್ನ 1972ರಿಂದ ನಡೆಯುತ್ತಿರುವ ಟಸ್ಕೀಗೀ ಏರ್‌ಮೆನ್ ಇಂಕಾರ್ಪೊರೇಟೆಡ್‌ನ ಒಪ್ಪಿಗೆಯನ್ನು ಪತ್ರದಲ್ಲಿ ಪಡೆಯಿರಿ. ವಾಯುಪಡೆಯ ಲಾಂಛನಕ್ಕೂ ಅನುಮತಿ ಬೇಕು.

ಬಜೆಟ್

ಒಂದು ಆಳೆತ್ತರದ ಕಂಚಿನ ಪ್ರತಿಮೆ, ಹೆಸರುಗಳ ಗ್ರಾನೈಟ್ ಗೋಡೆ, ಸುತ್ತ ಇಟ್ಟಿಗೆಯ ಹಾಸು ಇರುವ ಸ್ಮಾರಕಕ್ಕೆ 3,00,000 ಡಾಲರ್ ಗುರಿ ಇಟ್ಟುಕೊಂಡರೆ ಹೀಗೆ ಹಂಚಬಹುದು: ವಿನ್ಯಾಸ ಮತ್ತು ಎಂಜಿನಿಯರಿಂಗ್ 30,000, ಕಂಚು, ಕಲ್ಲು, ಕೆತ್ತನೆ 1,40,000, ಅಡಿಪಾಯ, ಹಾಸು, ದೀಪ 50,000, ನಿಧಿ ಸಂಗ್ರಹದ ಖರ್ಚು 20,000, ಅನಿರೀಕ್ಷಿತಕ್ಕೆ 30,000, ಮುಂದಿನ ನಿರ್ವಹಣೆಗೆ 30,000. ಇದು ಲೆಕ್ಕದ ಮಾದರಿ ಅಷ್ಟೇ, ನಿಮ್ಮ ಊರಿನ ದರ ತಂದು ತುಂಬಿಕೊಳ್ಳಿ. ಕೊನೆಯ ಎರಡು ಸಾಲುಗಳನ್ನು ಮಾತ್ರ ಯಾರು ಎಷ್ಟೇ ಒತ್ತಾಯಿಸಿದರೂ ಕಡಿಮೆ ಮಾಡಬೇಡಿ. ವಾಷಿಂಗ್ಟನ್ನಿನ ಸ್ಮಾರಕಗಳಿಗೂ ನಿರ್ಮಾಣ ವೆಚ್ಚದ ಶೇ 10ರಷ್ಟನ್ನು ನಿರ್ವಹಣೆಗೆ ಮೊದಲೇ ಕೊಡಬೇಕೆಂಬ ಕಾನೂನಿದೆ; ಅನುಭವದಿಂದ ಬಂದ ಅಂಕಿ ಅದು.

ಟಸ್ಕೀಗೀಯವರು ಹಾರಿಸಿದಂಥ ನಿಜವಾದ ಪಿ-51 ಯುದ್ಧವಿಮಾನವನ್ನು ಕೊಂಡು ನಿಲ್ಲಿಸುವ ಆಸೆ ಬಿಡಿ. ಹಾರುವ ಸ್ಥಿತಿಯಲ್ಲಿರುವ ಒಂದಕ್ಕೆ ಹತ್ತಾರು ಲಕ್ಷ ಡಾಲರ್ ಬೆಲೆ, ಮಳೆ-ಬಿಸಿಲಿನಲ್ಲಿ ಅದರ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಫೈಬರ್‌ಗ್ಲಾಸ್ ಪ್ರತಿಕೃತಿ ಸಾಕು.

ಸದ್ದಿಲ್ಲದ ಹಂತ

ಹಣ ಬರುವುದು ಇಲ್ಲಿಂದಲೇ, ಆದ್ದರಿಂದ ಇದಕ್ಕೆ ಹೆಚ್ಚು ಕಾಲ ಕೊಡಿ. ಗುರಿಯ ಅರ್ಧದಷ್ಟಾದರೂ, ಸಾಧ್ಯವಾದರೆ ಶೇ 60, ಕೈಗೆ ಬರುವವರೆಗೆ ಪತ್ರಿಕಾ ಹೇಳಿಕೆ ಬೇಡ, ಭೂಮಿಪೂಜೆ ಬೇಡ. ಗುದ್ದಲಿ ಹಿಡಿದ ಫೋಟೊ ಬಂದು ಎರಡು ವರ್ಷ ಹುಲ್ಲು ಬೆಳೆದ ಜಾಗವನ್ನು ನೋಡಿದ ಊರು ಮತ್ತೆ ಜೇಬಿಗೆ ಕೈ ಹಾಕುವುದಿಲ್ಲ.

ಮೂರು ಲಕ್ಷವನ್ನು ಸಮನಾಗಿ ಹಂಚಿ ‘ಮೂರು ಸಾವಿರ ಜನ ನೂರು ನೂರು ಕೊಟ್ಟರೆ ಆಯಿತು’ ಎನ್ನುವ ಲೆಕ್ಕ ಕಾಗದದ ಮೇಲೆ ಮಾತ್ರ ಕೂಡುತ್ತದೆ. ಹೀಗೆ ಇಟ್ಟುಕೊಳ್ಳಿ: 60,000ದ ದಾನ ಒಂದು, 30,000ದವು ಎರಡು, 15,000ದವು ನಾಲ್ಕು, 5,000ದವು ಎಂಟು, 2,500ರವು ಹದಿನಾರು. ಇಷ್ಟಕ್ಕೆ 2,60,000 ಆಯಿತು. ಉಳಿದ 40,000 ಮಾತ್ರ ಹೆಸರು ಕೆತ್ತಿದ ಇಟ್ಟಿಗೆಯ ಮಾರಾಟ, ಊಟದ ಕೂಟ, ಸಣ್ಣ ದೇಣಿಗೆಗಳಿಂದ. ಒಂದು ದಾನಕ್ಕೆ ಮೂರ್ನಾಲ್ಕು ಮನೆಯಾದರೂ ಹತ್ತಬೇಕು. ಅಂದರೆ ಮೇಲಿನ 31 ದಾನಗಳಿಗೆ ಸುಮಾರು ನೂರ ಇಪ್ಪತ್ತು ಹೆಸರು ಪಟ್ಟಿಯಲ್ಲಿರಬೇಕು. ಅಷ್ಟು ಹೆಸರು ಬರೆಯಲಾಗದಿದ್ದರೆ ಸ್ಮಾರಕವನ್ನು ಚಿಕ್ಕದು ಮಾಡಿ. ಒಂದು ಗ್ರಾನೈಟ್ ಫಲಕ, ಎರಡು ಬೆಂಚು, ಒಂದು ಧ್ವಜಸ್ತಂಭವೂ ಗೌರವದ ಸ್ಮಾರಕವೇ.

ಮೊದಲ ದೇಣಿಗೆ ಸಮಿತಿಯವರದೇ ಆಗಿರಲಿ. ಮೊತ್ತ ಮುಖ್ಯವಲ್ಲ, ನೂರಕ್ಕೆ ನೂರು ಸದಸ್ಯರು ಕೊಟ್ಟಿರಬೇಕು. ಪ್ರತಿಷ್ಠಾನದವರು ಕೇಳುವ ಮೊದಲ ಪ್ರಶ್ನೆ ಅದು. ಆಮೇಲೆ ಕಪ್ಪು ಜನರ ಚರ್ಚುಗಳು, ಓಮೆಗಾ ಸೈ ಫೈ, ಆಲ್ಫಾ ಫೈ ಆಲ್ಫಾದಂಥ ಭ್ರಾತೃಸಂಘಗಳು, ಮಾಜಿ ಯೋಧರ ಸಂಘವಾದ ಅಮೆರಿಕನ್ ಲೀಜನ್‌ನ ಶಾಖೆಗಳು, ಕಪ್ಪು ಪೈಲಟ್‌ಗಳ ವೃತ್ತಿಸಂಘಗಳು, ಸ್ಥಳೀಯ ಸಮುದಾಯ ಪ್ರತಿಷ್ಠಾನ. ನಗರ ಅಥವಾ ಕೌಂಟಿಯಲ್ಲಿ ಹೋಟೆಲ್ ತೆರಿಗೆಯಿಂದ ಬರುವ ಪ್ರವಾಸೋದ್ಯಮ ನಿಧಿ ಇದ್ದರೆ ಅಲ್ಲಿಯೂ ಅರ್ಜಿ ಹಾಕಿ. ಸರ್ಕಾರದ ಅನುದಾನ ಬಹುಪಾಲು ಖರ್ಚು ಮಾಡಿ ಬಿಲ್ಲು ತೋರಿಸಿದ ಮೇಲೆ ಬರುತ್ತದೆ, ಮುಂಗಡವಾಗಿ ಅಲ್ಲ. ಅದನ್ನೇ ನಂಬಿ ಗುತ್ತಿಗೆದಾರನಿಗೆ ಮಾತು ಕೊಟ್ಟವರು ಮಧ್ಯದಲ್ಲಿ ಸಾಲ ಮಾಡಬೇಕಾಗುತ್ತದೆ.

ದೊಡ್ಡ ದಾನಿಯ ಬಳಿಗೆ ಇಬ್ಬರು ಹೋಗಿ, ಪರಿಚಯದವರೊಬ್ಬರು, ಯೋಜನೆ ಬಲ್ಲವರೊಬ್ಬರು. ಕೈಯಲ್ಲಿ ಎರಡೇ ಪುಟ: ಒಂದರಲ್ಲಿ ಊರಿನ ವೈಮಾನಿಕರ ಹೆಸರುಗಳು, ಇನ್ನೊಂದರಲ್ಲಿ ಬಜೆಟ್. ಮೊತ್ತವನ್ನು ಬಾಯಿಬಿಟ್ಟು ಹೇಳಿ: ‘ಹದಿನೈದು ಸಾವಿರವನ್ನು ಮೂರು ವರ್ಷದಲ್ಲಿ ಕೊಡುವುದನ್ನು ಯೋಚಿಸುತ್ತೀರಾ?’ ಹೇಳಿದ ಮೇಲೆ ಸುಮ್ಮನಿರಿ. ‘ನಿಮಗೆ ತೋಚಿದಷ್ಟು ಕೊಡಿ’ ಎಂದರೆ ನೂರು ಡಾಲರಿನ ಚೆಕ್ಕು ಬರುತ್ತದೆ, ಆ ಬಾಗಿಲು ಮತ್ತೆ ತೆರೆಯುವುದು ಕಷ್ಟ. ಕೊಡುತ್ತೇನೆಂದದ್ದನ್ನು ಸಹಿ ಮಾಡಿದ ಪತ್ರದಲ್ಲಿ ಪಡೆಯಿರಿ. ಒಂದು ವೇಳೆ ಸ್ಮಾರಕ ಆಗದೇ ಹೋದರೆ ಹಣ ಯಾವ ಉದ್ದೇಶಕ್ಕೆ ಹೋಗಬೇಕು, ಉದಾಹರಣೆಗೆ ವಿಮಾನ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ, ಎಂಬ ಸಾಲೂ ಅದರಲ್ಲಿರಲಿ. ಹೇಳಿದ ಹಣದಲ್ಲಿ ಹತ್ತರಲ್ಲೊಂದು ಪಾಲು ಬರುವುದಿಲ್ಲ ಎಂದೇ ಲೆಕ್ಕ ಹಾಕಿ.

ಇಟ್ಟಿಗೆ, ರಸೀದಿ, ಕನ್ನಡ ಕೂಟ

ಹೆಸರು ಕೆತ್ತಿದ ಇಟ್ಟಿಗೆ ಮಾರುವುದು ಚೆನ್ನಾಗಿ ನಡೆಯುತ್ತದೆ, ಆದರೆ ಲಾಭವನ್ನು ಸರಿಯಾಗಿ ಎಣಿಸಿ. ನಾಲ್ಕು ಇಂಚು ಅಗಲ, ಎಂಟು ಇಂಚು ಉದ್ದದ ಇಟ್ಟಿಗೆಗೆ 100 ಡಾಲರ್ ಇಟ್ಟು 300 ಮಾರಿದರೆ 30,000 ಬಂತು. ಇಟ್ಟಿಗೆ, ಕೆತ್ತನೆ, ಹಾಸುವ ಕೂಲಿ ಸೇರಿ ಒಂದಕ್ಕೆ 30 ಡಾಲರ್ ಆದರೆ ನಿಂತದ್ದು 21,000. ಬಜೆಟ್ಟಿನಲ್ಲಿ ಈ ಎರಡನೆಯ ಅಂಕಿಯನ್ನೇ ಬರೆಯಿರಿ. ಕೆತ್ತನೆಯ ಅಕ್ಷರಗಳ ಮಿತಿಯನ್ನು ತಯಾರಕರಿಂದ ತಿಳಿದು ಅರ್ಜಿಯಲ್ಲಿ ಚೌಕಗಳನ್ನೇ ಬಿಡಿ. ರಾಜಕೀಯ ಘೋಷಣೆ, ಜಾಹೀರಾತು ಬೇಡ ಎಂಬ ನಿಯಮ ಮೊದಲೇ ಮುದ್ರಿಸಿ. ಹಿಮ ಬೀಳುವ ರಾಜ್ಯಗಳಲ್ಲಿ ಜಲ್ಲಿಯ ಹಾಸು ಸರಿಯಾಗಿಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಇಟ್ಟಿಗೆ ಏಳುತ್ತದೆ, ದಾನಿಯ ಹೆಸರೇ ಎಡವುವ ಕಲ್ಲಾಗುತ್ತದೆ.

250 ಡಾಲರ್ ಮತ್ತು ಮೇಲ್ಪಟ್ಟ ಪ್ರತಿ ದಾನಕ್ಕೆ ಲಿಖಿತ ರಸೀದಿ ಇಲ್ಲದಿದ್ದರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಊಟದ ಕೂಟದ ಟಿಕೆಟ್ಟು 75 ಡಾಲರ್ ಮೀರಿದರೆ ಊಟದ ಬೆಲೆ ಎಷ್ಟು, ದಾನ ಎಷ್ಟು ಎಂದು ಬೇರೆ ಬೇರೆ ಬರೆದುಕೊಡಬೇಕು. ಡೋನರ್ ಅಡ್ವೈಸ್ಡ್ ಫಂಡ್‌ನಿಂದ, ಅಂದರೆ ದಾನಿ ಮೊದಲೇ ಒಂದು ದತ್ತಿ ಸಂಸ್ಥೆಯಲ್ಲಿಟ್ಟು ಆಮೇಲೆ ಹಂಚಲು ಸೂಚಿಸುವ ನಿಧಿಯಿಂದ, ಬಂದ ಹಣಕ್ಕೆ ಊಟದ ಟಿಕೆಟ್ ಕೊಡಕೂಡದು. ಲಾಟರಿ ಚೀಟಿ ಎತ್ತುವ ಮುನ್ನ ರಾಜ್ಯದ ಜೂಜು ಕಾನೂನು ನೋಡಿ.

ಅಮೆರಿಕದಲ್ಲಿರುವ ಕನ್ನಡಿಗರು ಇಂಥ ಕೆಲಸಕ್ಕೆ ಎರಡು ರೀತಿಯಲ್ಲಿ ನೆರವಾಗಬಹುದು. ಅನೇಕ ತಂತ್ರಜ್ಞಾನ ಕಂಪನಿಗಳು ನೌಕರರ ದಾನಕ್ಕೆ ಅಷ್ಟೇ ಮೊತ್ತ ಸೇರಿಸುತ್ತವೆ. ಹಾಗೆ ಸೇರಬೇಕಾದರೆ ಸ್ಮಾರಕದ ಸಂಸ್ಥೆ, ಅಥವಾ ಅದರ ಫಿಸ್ಕಲ್ ಸ್ಪಾನ್ಸರ್, ಕಂಪನಿಯ ಪೋರ್ಟಲ್‌ನಲ್ಲಿ ಮೊದಲೇ ಇರಬೇಕು, ನೌಕರರು ಕಂಪನಿ ಹೇಳಿದ ಗಡುವಿನೊಳಗೆ ಅರ್ಜಿ ತುಂಬಬೇಕು. ಊರಿನ ಕನ್ನಡ ಕೂಟ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಂದು ಮೇಜು ಹಾಕಿಕೊಟ್ಟರೆ ಈ ಚರಿತ್ರೆ ಗೊತ್ತಿಲ್ಲದ ನೂರು ಮನೆಗಳಿಗೆ ಅದು ತಲುಪುತ್ತದೆ. ಕೂಟದ ನಿಧಿಯಿಂದಲೇ ಹಣ ಕೊಡುವುದಾದರೆ ಬೈಲಾ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡಿ ಕಾರ್ಯಕಾರಿ ಸಮಿತಿಯ ಠರಾವು ಮಾಡಿಸಿ. ಕರ್ನಾಟಕದಿಂದ ಹಣ ಕಳುಹಿಸುವವರಿಗೆ ಭಾರತದ 80ಜಿ ವಿನಾಯಿತಿ ಇದಕ್ಕೆ ಸಿಗುವುದಿಲ್ಲ.

ಶಿಲ್ಪಿ ಮತ್ತು ಶಾಸನ

ಶಿಲ್ಪಿಗೆ ಹಣವನ್ನು ಹಂತ ಹಂತವಾಗಿ ಕೊಡಿ: ಒಪ್ಪಂದಕ್ಕೆ ಶೇ 20, ಮಣ್ಣಿನ ಮಾದರಿ ಒಪ್ಪಿಗೆಯಾದಾಗ 30, ಎರಕವಾದಾಗ 30, ನಿಲ್ಲಿಸಿದ ಮೇಲೆ 20. ಮಣ್ಣಿನ ಮಾದರಿ ಎಲ್ಲಕ್ಕಿಂತ ಮುಖ್ಯ. ಆಗ ಒಂದು ಗುಂಡಿ ಬದಲಿಸಲು ಹತ್ತು ನಿಮಿಷ ಸಾಕು. ಕಂಚಾದ ಮೇಲೆ ಕತ್ತರಿಸಿ ಬೆಸೆಯಬೇಕು. ಆ ಕಾಲದ ಸಮವಸ್ತ್ರ ಬಲ್ಲ ಒಬ್ಬರನ್ನು ಕರೆಸಿ ಶಿರಸ್ತ್ರಾಣ, ಕನ್ನಡಕ, ಪ್ಯಾರಾಚೂಟ್ ಪಟ್ಟಿ ಎಲ್ಲ ಪರೀಕ್ಷಿಸಿ. ಪ್ರತಿಮೆಯ ಛಾಯಾಚಿತ್ರವನ್ನು ಅಂಚೆಕಾರ್ಡು, ಟೀಶರ್ಟಿನ ಮೇಲೆ ಬಳಸುವ ಹಕ್ಕು ನಿಮಗಿದೆಯೇ ಎಂಬುದೂ ಒಪ್ಪಂದದಲ್ಲಿರಲಿ. ಬರೆಯದಿದ್ದರೆ ಆ ಹಕ್ಕು ಶಿಲ್ಪಿಯದು.

ವಿಮಾನ ಮತ್ತು ಬಣ್ಣದಲ್ಲಿ ಆಗುವ ತಪ್ಪು ಇನ್ನೂ ಹೆಚ್ಚು. ಟಸ್ಕೀಗೀಯವರ 99ನೇ ಸ್ಕ್ವಾಡ್ರನ್ 1943ರಲ್ಲಿ ಉತ್ತರ ಆಫ್ರಿಕಾದಲ್ಲಿ ಹಾರಿಸಿದ್ದು ಪಿ-40. ಅವರದೇ 332ನೇ ಫೈಟರ್ ಗ್ರೂಪ್ 1944ರ ಆರಂಭದಲ್ಲಿ ಇಟಲಿಗೆ ಹೋದದ್ದು ಪಿ-39ರೊಂದಿಗೆ, ಆಮೇಲೆ ಸ್ವಲ್ಪ ಕಾಲ ಪಿ-47, ಆ ಬೇಸಿಗೆಯಲ್ಲಿ ಪಿ-51. ಅವರ ವಿಮಾನಗಳಿಗೆ ಗುರುತಾದ ಕೆಂಪು ಬಾಲ ಬಂದದ್ದು ಬಾಂಬರ್‌ಗಳ ಬೆಂಗಾವಲಿಗೆ ನಿಂತ ಮೇಲೆ. ಪಿ-40ಕ್ಕೆ ಕೆಂಪು ಬಾಲ ಬಳಿದರೆ ಬಲ್ಲವರು ಮೊದಲ ದಿನವೇ ಹಿಡಿಯುತ್ತಾರೆ.

ಶಾಸನದಲ್ಲಿ ‘ಒಂದೂ ಬಾಂಬರ್ ಕಳೆದುಕೊಳ್ಳಲಿಲ್ಲ’ ಎಂದು ಬರೆಯಬೇಡಿ. ದಶಕಗಳ ಕಾಲ ಎಲ್ಲೆಲ್ಲೂ ಹೇಳಿದ ಮಾತು ಅದು. ವಾಯುಪಡೆಯ ಇತಿಹಾಸಕಾರರೇ ದಾಖಲೆ ತೆಗೆದು ನೋಡಿದಾಗ ಟಸ್ಕೀಗೀಯವರ ಬೆಂಗಾವಲಿನಲ್ಲಿದ್ದ 27 ಬಾಂಬರ್‌ಗಳು ಶತ್ರು ವಿಮಾನಗಳಿಗೆ ಬಲಿಯಾದದ್ದು ಗೊತ್ತಾಯಿತು. ಅದು ಇತರ ಗುಂಪುಗಳ ಸರಾಸರಿಗಿಂತ ಬಹಳ ಕಡಿಮೆ. ಆ ಗೌರವಕ್ಕೆ ಕಟ್ಟುಕತೆಯ ಆಸರೆ ಬೇಡ. ‘ಮೊದಲ ಕಪ್ಪು ಸೇನಾ ಪೈಲಟ್‌ಗಳು’ ಎಂಬುದೂ ಪೂರ್ತಿ ಸರಿಯಲ್ಲ: ಜಾರ್ಜಿಯಾದ ಕೊಲಂಬಸ್‌ನಲ್ಲಿ ಹುಟ್ಟಿದ ಯೂಜೀನ್ ಬುಲಾರ್ಡ್ 1917ರಲ್ಲೇ ಫ್ರಾನ್ಸಿನ ಪರವಾಗಿ ಹಾರಿದ್ದರು, ತಮ್ಮ ದೇಶ ಅವರನ್ನು ಸೇರಿಸಿಕೊಳ್ಳಲಿಲ್ಲ. ‘ಅಮೆರಿಕ ಸೇನೆಯ ಮೊದಲ’ ಎಂದು ಬರೆದರೆ ಸರಿಹೋಯಿತು. ಧೈರ್ಯವಾಗಿ ಕೆತ್ತಬಹುದಾದವು ಬೇಕಾದಷ್ಟಿವೆ: ಬಾಂಬರ್‌ಗಳ ಬೆಂಗಾವಲಿಗೆ ಹೋದ 1945ರ ಮಾರ್ಚ್ 24ರ ಬರ್ಲಿನ್ ಹಾರಾಟ, ಸೇನೆಯಲ್ಲಿ ಸಮಾನ ಅವಕಾಶ ಸಾರಿದ ಅಧ್ಯಕ್ಷ ಟ್ರೂಮನ್‌ರ 1948ರ ಜುಲೈ 26ರ ಆದೇಶ, 2007ರ ಮಾರ್ಚ್ 29ರಂದು ಕೊಟ್ಟ ಕಾಂಗ್ರೆಸ್ಸಿನ ಚಿನ್ನದ ಪದಕ.

ಅನಾವರಣಕ್ಕೆ ಮೊದಲ ತಂಡ ಹೊರಬಂದ ಮಾರ್ಚ್ 7 ಚೆನ್ನ, ಉತ್ತರದ ರಾಜ್ಯಗಳಲ್ಲಿ ಚಳಿಯಾದ್ದರಿಂದ ಜುಲೈ 26 ಇನ್ನೂ ವಾಸಿ. ಮುಂದಿನ ಸಾಲಿನ ಕುರ್ಚಿಗಳು ಮನೆಯವರಿಗೆ. ದೊಡ್ಡ ದಾನಿಗಳು, ಶಾಸಕರು ಎರಡನೆಯ ಸಾಲಿಗೆ. ಅದಾದ ಮೂವತ್ತು ದಿನದೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಒಂದು ಪುಟದ ಲೆಕ್ಕ ಪ್ರತಿ ದಾನಿಗೂ ತಲುಪಲಿ, ಹತ್ತು ಡಾಲರ್ ಕೊಟ್ಟವರಿಗೂ. ಕಂಚಿಗೆ ವರ್ಷಕ್ಕೊಮ್ಮೆ ಸೌಮ್ಯ ಸೋಪಿನ ನೀರಲ್ಲಿ ತೊಳೆದು ಮೇಣ ಬಳಿಯಬೇಕು. ಹೆಸರುಗಳ ಗೋಡೆಯ ಕೊನೆಯಲ್ಲಿ ಖಾಲಿ ಜಾಗ ಬಿಟ್ಟಿರಿ. ಅನಾವರಣದ ಸುದ್ದಿ ಓದಿ ‘ನಮ್ಮ ಅಜ್ಜನೂ ಇದ್ದರು’ ಎಂದು ಹಳೆಯ ಬಿಡುಗಡೆ ಪತ್ರ ಹಿಡಿದು ಒಬ್ಬರಾದರೂ ಬರುತ್ತಾರೆ, ಆ ಹೆಸರು ಕೆತ್ತಿಸುವ ಹಣ ನಿರ್ವಹಣಾ ನಿಧಿಯಲ್ಲಿ ಇರಬೇಕು.